ಎರೆಹೊಲವೂ ಉತ್ತರ ಧ್ರುವದ ಹಿಮವೂ



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಹೊಸ ತೆನೆಯನ್ನು ಪೀಠದ ಮುಂದಿಟ್ಟು ದೇವರಿಗೆ ಕೃತಜ್ಞತೆ ಸಲ್ಲಿಸುತ್ತೇವೆ. ಅಬ್ಬಿಗೇರಿ ಕಡೆಯ ಎರೆಹೊಲಗಳಲ್ಲಿ ಆ ಹೊತ್ತಿಗೆ ಹೆಸರು ಮನೆ ಸೇರಿರುತ್ತದೆ. ಹಿಂಗಾರಿ ಜೋಳ, ಕಡಲೆ ಬಿತ್ತಲು ರೈತರು ಮುಗಿಲು ನೋಡುತ್ತಿರುತ್ತಾರೆ. ಅದೇ ತಿಂಗಳಲ್ಲಿ ಭೂಮಿಯ ನೆತ್ತಿಯ ಮೇಲಿರುವ ಆರ್ಕ್ಟಿಕ್ ಸಾಗರದ ಮಂಜುಗಡ್ಡೆ, ಬೇಸಿಗೆಯೆಲ್ಲ ಕರಗಿ, ವರ್ಷದಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. 1979ರ ಸೆಪ್ಟೆಂಬರಿನಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಹರಡಿದ್ದ ಅದು 2012ರಲ್ಲಿ ಸುಮಾರು 34 ಲಕ್ಷಕ್ಕೆ ಕುಗ್ಗಿತು.

ಎಲ್ಲೋ ಹಿಮ ಕರಗಿದರೆ ನಮಗೇನು ಎಂದು ಕೇಳುವವರಿದ್ದಾರೆ. ಏಪ್ರಿಲ್ ಮಧ್ಯಾಹ್ನ ಎರೆಮಣ್ಣಿನ ಮೇಲೆ ಬರಿಗಾಲಿಟ್ಟವರಿಗೆ ಉತ್ತರ ಅರ್ಧ ಗೊತ್ತಿದೆ. ಕಪ್ಪು ಮಣ್ಣು ಬಿಸಿಲನ್ನು ಕುಡಿಯುತ್ತದೆ. ಸುಣ್ಣ ಬಳಿದ ಕಟ್ಟೆ ಅಷ್ಟು ಸುಡುವುದಿಲ್ಲ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹತ್ತಕ್ಕೆ ಎಂಟು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಹಿಮ ಸರಿದ ಕಡಲು ಹತ್ತಕ್ಕೆ ಒಂಬತ್ತು ಪಾಲಿಗೂ ಮಿಕ್ಕಿ ಹೀರಿಕೊಳ್ಳುತ್ತದೆ. ಬಿಸಿಯಾದ ನೀರು ಪಕ್ಕದ ಹಿಮವನ್ನು ಕರಗಿಸುತ್ತದೆ, ಅಲ್ಲಿ ಮತ್ತಷ್ಟು ಕಪ್ಪು ನೀರು ತೆರೆದುಕೊಳ್ಳುತ್ತದೆ. ಭೂಮಿಯ ಸುಣ್ಣದ ಮಾಳಿಗೆ ಹೀಗೆ ತಾನೇ ಕಪ್ಪಾಗುತ್ತಿದೆ. 1979ರಿಂದೀಚೆಗೆ ಆ ಪ್ರದೇಶ ಲೋಕದ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನೊಂದು ಸುರುಳಿಯೂ ಇದೆ. ಸೈಬೀರಿಯಾ, ಅಲಾಸ್ಕಾ, ಕೆನಡಾಗಳಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ ನೆಲವಿದೆ. ಅದರೊಳಗಿನ ಬೇರು, ಎಲೆ ಕೊಳೆತಿಲ್ಲ. ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟು ಇಂಗಾಲ ಅಲ್ಲಿ ಹೂತಿದೆ. ನೆಲ ಸಡಿಲವಾದರೆ ಅದು ಕೊಳೆಯತೊಡಗುತ್ತದೆ. ಇಂಗಾಲದ ಡೈಆಕ್ಸೈಡ್ ಜೊತೆಗೆ ಮೀಥೇನ್, ಅಂದರೆ ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲವೇ, ಹೊರಬರುತ್ತದೆ. ಇದರಿಂದ ಭೂಮಿ ಇನ್ನಷ್ಟು ಕಾಯುತ್ತದೆ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದ 24ನೆಯ ಪರಿಚ್ಛೇದದಲ್ಲಿ ಈ ಅಪಾಯವನ್ನೇ ಎತ್ತಿ ಹೇಳಿದ್ದಾರೆ. ವಿಶ್ವಪತ್ರದಲ್ಲಿ ಮೀಥೇನ್ ಏಕೆ ಎಂದು ಹುಬ್ಬೇರಿಸುವವರು ಆ ಪುಟವನ್ನೊಮ್ಮೆ ತೆರೆದು ನೋಡಬೇಕು.

ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ. ಲೋಟದ ನೀರಿನಲ್ಲಿ ತೇಲುವ ಐಸ್ ಕರಗಿದರೆ ನೀರು ಉಕ್ಕುವುದಿಲ್ಲ; ಹಾಗೆಯೇ ತೇಲುವ ಮಂಜುಗಡ್ಡೆಯಿಂದ ಕಡಲ ಮಟ್ಟ ಹೆಚ್ಚುಕಡಿಮೆ ಏರುವುದೇ ಇಲ್ಲ. ಕಾರವಾರ, ಮಂಗಳೂರಿನ ತೀರದವರಿಗೆ ಚಿಂತೆ ತರುವುದು ಗ್ರೀನ್‌ಲ್ಯಾಂಡಿನಂಥ ನೆಲದ ಮೇಲಿನ ಹಿಮ.

ಮತ್ತೆ ನಮ್ಮ ಮಳೆ? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು ಕಡೆಯ ಊರುಗಳಿಗೆ ನುಗ್ಗಿತು. 2023ರಲ್ಲಿ ಬರ ಬಂತು. ಇವನ್ನು ನೇರವಾಗಿ ಧ್ರುವದ ತಲೆಗೆ ಕಟ್ಟುವುದು ಅವಸರವಾದೀತು. ಆದರೆ ಅಲ್ಲಿನ ಹಿಮಕ್ಕೂ ಇಲ್ಲಿನ ಮುಂಗಾರಿಗೂ ಇರುವ ನಂಟನ್ನು ನಮ್ಮವರೇ ಹುಡುಕುತ್ತಿದ್ದಾರೆ. ಗದಗಿನಿಂದ ರೈಲಿನಲ್ಲಿ ತಲುಪಬಹುದಾದ ಗೋವಾದ ವಾಸ್ಕೋದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ 2008ರ ಜುಲೈ 1ರಂದು ಆರಂಭವಾದ ‘ಹಿಮಾದ್ರಿ’ ಅದರದೇ ಠಾಣೆ. 2023ರ ಡಿಸೆಂಬರಿನಲ್ಲಿ, ಸೂರ್ಯನೇ ಮೂಡದ ಚಳಿಗಾಲದಲ್ಲಿ, ಅಲ್ಲಿಗೆ ಹೋದ ಮೊದಲ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. 2014ರಲ್ಲಿ ಭಾರತೀಯರು ಅಲ್ಲಿನ ಕಡಲ ಕೊಲ್ಲಿಯೊಳಗೆ ಉಪಕರಣಗಳನ್ನು ಇಳಿಬಿಟ್ಟು ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು ಎಂದು ಅಳೆಯತೊಡಗಿದರು.