ನಾಳೆ ನಮ್ಮ ನಾಯಿಗೆ ಗಂಜಿ ಹಾಕುವವರು ಯಾರು?



ಅಡಿಕೆ ಒಣಗಿಸಿದ ಅಂಗಳವನ್ನು ರಾತ್ರಿಯಿಡೀ ಕಾಯುವ ನಾಯಿಗೆ ಸಾಮಾನ್ಯವಾಗಿ 10ರಿಂದ 15 ವರ್ಷ ಆಯುಸ್ಸು. 65 ವಯಸ್ಸಿನವರು ಇಂದು ಮರಿ ತಂದರೆ, ಅದು ಮುದಿಯಾಗುವಾಗ ಅವರಿಗೆ 80 ಸಮೀಪಿಸಿರುತ್ತದೆ. ಮಂಗಳೂರು ಪೇಟೆಯಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಮಕ್ಕಳು ಮುಂಬಯಿಗೋ ಗಲ್ಫ್ ದೇಶಗಳಿಗೋ ಹೋಗಿ, ವೃದ್ಧರು ಮಾತ್ರ ಉಳಿದ ಮನೆಗಳು ಹಲವು. ಯಜಮಾನರು ತೀರಿಕೊಂಡು ಮನೆಗೆ ಬೀಗ ಬಿದ್ದರೆ ನಾಯಿಯ ಗತಿಯೇನು?

ಇದಕ್ಕೆ ಈಗಲೇ ಮಾಡತಕ್ಕ ಏರ್ಪಾಡುಗಳು ಹೀಗಿವೆ:

1. ನಾಯಿಗೆ ಪರಿಚಯವಿರುವ ನೆರೆಯವರನ್ನೋ ಬಂಧುವನ್ನೋ ಕೇಳಿ ಒಪ್ಪಿಸಿರಿ. ಅವರಿಗೆ ಅನಾನುಕೂಲವಾದರೆ ಯಾರೆಂಬುದನ್ನೂ ಗೊತ್ತುಮಾಡಿರಿ.

2. ನಾಯಿಯ ವಯಸ್ಸು, ಆಹಾರ, ರೋಗ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ತಾರೀಕು ಇವನ್ನು ಒಂದು ಕಾಗದದಲ್ಲಿ ಬರೆದಿಡಿರಿ. ಈ ಚುಚ್ಚುಮದ್ದನ್ನು ಮರಿಗೆ 3 ತಿಂಗಳಾದಾಗ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಬೇಕು. ಚುಚ್ಚುಮದ್ದಿಲ್ಲದ ನಾಯಿಯನ್ನು ಮನೆಗೆ ಸೇರಿಸಿಕೊಳ್ಳಲು ಯಾರೂ ಹೆದರುವರು.

3. ಖರ್ಚಿಗೆ ಹಣ ನಿಗದಿಮಾಡಿರಿ. ಕಾನೂನಿನಲ್ಲಿ ಪ್ರಾಣಿಯೂ ಒಂದು ಸ್ವತ್ತು. ಅದರ ಹೆಸರಿಗೆ ಹಣ ಬರೆದಿಡಲು ಬರುವುದಿಲ್ಲ. ಆದಕಾರಣ ವೀಲುನಾಮೆಯಲ್ಲಿ ನಾಯಿಯನ್ನೂ ಅದರ ಪೋಷಣೆಯ ಹಣವನ್ನೂ ಇಂಥವರಿಗೆ ಎಂದು ಬರೆಯಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ಅವರ ಸಹಿಯನ್ನೂ ಪಡೆಯಿರಿ. ಹಣ ಪಡೆಯುವವರನ್ನೇ ಸಾಕ್ಷಿಯಾಗಿ ಮಾಡದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

2024ರಲ್ಲಿ ನಿಧನರಾದ ಉದ್ಯಮಿ ರತನ್ ಟಾಟಾ ತಮ್ಮ ನಾಯಿ ಟೀಟೋವಿನ ಆರೈಕೆಯನ್ನು ಉಯಿಲಿನಲ್ಲಿ ಮನೆಯ ಅಡುಗೆಯವರಿಗೆ ವಹಿಸಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ದೊಡ್ಡ ಆಸ್ತಿಯವರು ನಂಬಿದ್ದೂ ನಾಯಿಗೆ ಪರಿಚಯವಿದ್ದ ಕೈಯನ್ನೇ.

ಆದರೆ ವೀಲುನಾಮೆ ಒಂದೇ ಸಾಲದು. ಅದು ಹೊರಬರಲು ದಿನಗಳು ಹಿಡಿಯುತ್ತವೆ. ನಾಯಿಗೆ ಹಸಿವಾಗುವುದು ಅಂದು ಸಂಜೆಯೇ. ಆದುದರಿಂದ ಬಾಯಿಮಾತಿನ ಒಪ್ಪಂದ ಮೊದಲು, ಕಾಗದ ಆಮೇಲೆ.

ಬೇಡವಾದ ನಾಯಿಯನ್ನು ಗೋಣಿಯಲ್ಲಿ ತುಂಬಿ ಸಂತೆಯ ಬಳಿ ಬಿಟ್ಟುಬರುವವರೂ ಇದ್ದಾರೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್‌ನ ಆಶ್ರಯಧಾಮವಿದೆ, ನಿಜ. ಆದರೆ ಅಂಥ ಜಾಗ ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗೆ ಬೇಕು. ಯಜಮಾನನಿದ್ದ ನಾಯಿ ದಿಕ್ಕಿಲ್ಲದ್ದಾಗಬಾರದು.

ಈ ವಾರವೇ ನೆರೆಮನೆಯವರೊಡನೆ ಮಾತನಾಡಿರಿ. ನಮ್ಮ ಬಾಗಿಲು ಕಾದ ಪ್ರಾಣಿಗೆ ಅಷ್ಟು ಮಾಡುವುದು ನಮ್ಮ ಕರ್ತವ್ಯ.