ಬಿಟ್ಟುಹೋದ ವಚನಗಳು

ಕೇಶ್ವಾಪುರದಲ್ಲಿ ನಾನು ಕೇಳಿದ ಕ್ರೈಸ್ತ ವಿವಾಹದ ಪ್ರಸಂಗಗಳಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ತಪ್ಪುವುದು ಅಪರೂಪ. ಹೆಂಡತಿಯ ವಿಧೇಯತೆಯನ್ನು ಹೇಳುವ 22ನೇ ವಚನ ಬೀಗರಿಗೆಲ್ಲ ಬಾಯಿಪಾಠ. ಅದಕ್ಕೆ ಮೊದಲಿನ ವಚನವು ಇಬ್ಬರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆನ್ನುತ್ತದೆ. 25ನೆಯದು, ಕ್ರಿಸ್ತನು ಸಭೆಗಾಗಿ ಪ್ರಾಣವನ್ನೇ ಕೊಟ್ಟಂತೆ ಗಂಡನು ಪತ್ನಿಯನ್ನು ಪ್ರೀತಿಸಬೇಕೆನ್ನುತ್ತದೆ. ಹೊರೆ ತೂಗಿದರೆ ಗಂಡನದೇ ಭಾರ. ಆದರೆ ಮದುವೆಯ ಊಟದ ಹೊತ್ತಿಗೆ ನೆನಪಿನಲ್ಲಿ ಉಳಿದಿರುವುದು 22 ಮಾತ್ರ!

ಈ ಪಕ್ಷಪಾತ ಧರ್ಮಬೋಧಕರದಷ್ಟೇ ಅಲ್ಲ. ಬಾಸೆಲ್ ಮಿಶನ್ 1839ರಲ್ಲಿ ಹುಬ್ಬಳ್ಳಿಗೆ ಬಂದ ಮೂವತ್ತು ವರ್ಷಗಳ ಬಳಿಕ, 1869ರಲ್ಲಿ, ಕ್ರೈಸ್ತರಿಗಾಗಿ ವಿಚ್ಛೇದನ ಕಾಯಿದೆ ಬಂತು. ಪತ್ನಿಯ ವ್ಯಭಿಚಾರ ರುಜುವಾತಾದರೆ ಗಂಡನಿಗೆ ಅಷ್ಟೇ ಸಾಕಿತ್ತು. ಪತ್ನಿಯಾದರೋ ಗಂಡನ ವ್ಯಭಿಚಾರದೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ, ಅಂಥ ಇನ್ನೊಂದು ಅಪರಾಧವನ್ನೋ ತೋರಿಸಬೇಕಿತ್ತು. ಪತ್ನಿಯ ಪ್ರಿಯಕರನಿಂದ ನಷ್ಟಪರಿಹಾರ ಕೇಳುವ ಹಕ್ಕೂ ಗಂಡನಿಗಿತ್ತು, ಕಳುವಾದ ಎತ್ತಿಗೆ ಬೆಲೆ ಕೇಳಿದ ಹಾಗೆ. 1995ರಲ್ಲಿ ಕೇರಳ ಹೈಕೋರ್ಟ್ ಈ ತಾರತಮ್ಯವನ್ನು ಸಂವಿಧಾನಬಾಹಿರವೆಂದಿತು. ಸಂಸತ್ತು ಕಾಯಿದೆಯನ್ನು ತಿದ್ದಿ ಇವೆರಡನ್ನೂ ತೆಗೆದುಹಾಕಿದ್ದು 2001ರಲ್ಲಿ, 132 ವರ್ಷಗಳ ನಂತರ.

ಕಾನೂನು ತಿದ್ದಿಕೊಂಡಿತು, ಮನೆಗಳ ಮಾತು ಬೇರೆ. ಕುಡುಕ ಗಂಡನ ಏಟು ತಿಂದು ಬಂದವಳಿಗೆ ‘ತಾಳ್ಕೋ ತಂಗಿ’ ಎಂದು ಹೇಳಿ ಹಿಂದಕ್ಕೆ ಕಳುಹಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ಅವರ ಆಧಾರ 33ನೇ ವಚನ: ಪತ್ನಿ ಗಂಡನನ್ನು ಗೌರವಿಸಬೇಕು. ನಿಜ, ಆದರೆ ಅದೇ ವಚನದ ಮೊದಲರ್ಧ ಕೇಳುವುದು ಗಂಡನ ಪ್ರೀತಿಯನ್ನು. ಅಂಥ ಮನೆಗೆ ರಾಜಿಗೆಂದು ಹೋಗುವ ಸಭಾಪಾಲಕರು, ಪತ್ನಿಯನ್ನು ಸ್ವಂತ ಶರೀರದಂತೆ ಕಾಣಬೇಕೆನ್ನುವ 28ನೇ ವಚನವನ್ನು ಮೊದಲು ಆ ಗಂಡನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಲಿ. ಪತ್ನಿಯೂ ಎದುರಿಗೇ ಕುಳಿತು ಕೇಳಲಿ.