ರಜೆಯ ಸಂಜೆಗೊಂದು ಕಡುಬಿನ ಅಡುಗೆ

ಅಂಬರನಾಥದಲ್ಲಿ ನೆಲೆಸಿರುವ ನಮ್ಮ ಕನ್ನಡ ಬಾಂಧವರ ಮನೆಗಳಲ್ಲಿ ಮನೆಮಂದಿಯೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ರಾತ್ರಿಗಳು ವಾರಕ್ಕೆ ಎಷ್ಟು? ಮುಂಬಯಿಯ ಕಚೇರಿಗೆ ಹೋದ ಗುಮಾಸ್ತರು ಸುಮಾರು 60 ಕಿಲೋಮೀಟರುಗಳ ರೈಲು ಪ್ರಯಾಣವನ್ನು ಮುಗಿಸಿ ಮನೆ ಸೇರುವಾಗ ಎಷ್ಟೋ ಸಲ ಮಕ್ಕಳು ನಿದ್ರೆಹೋಗಿರುತ್ತಾರೆ. ಹೋಟೆಲಿನಲ್ಲಿ ದುಡಿಯುವವರಿಗಂತೂ ಲೋಕದವರ ಊಟದ ಹೊತ್ತೇ ದುಡಿಮೆಯ ಹೊತ್ತು. ನೂರಾರು ಜನರಿಗೆ ಬಡಿಸಿದ ಕೈ ಸ್ವಂತ ಮಕ್ಕಳ ತಟ್ಟೆಗೆ ಬಡಿಸುವುದು ಅಪರೂಪ. ಆದುದರಿಂದ ವಾರದ ರಜೆಯ ಆ ಒಂದು ಸಂಜೆಗೆ ನಾವು ಕಡುಬನ್ನು ಸೂಚಿಸುತ್ತೇವೆ.

ಅನ್ನ ಸಾರುಗಳನ್ನು ಒಬ್ಬರೇ ಮಾಡಿ ಮುಗಿಸಬಹುದು. ಕಡುಬಿಗಾದರೋ ಹಲವು ಕೈಗಳು ಬೇಕು. ಒಬ್ಬರು ನಾದಬೇಕು, ಒಬ್ಬರು ಹೂರಣ ಕೂಡಿಸಬೇಕು, ಮಕ್ಕಳು ಅಂಚು ಮಡಿಸಬೇಕು. ಈ ಗುಟ್ಟನ್ನು ಪರದೇಶದವರೂ ಬಲ್ಲರು. ಉತ್ತರ ಚೀನದವರು ತಮ್ಮ ಹೊಸ ವರ್ಷದ ಮುನ್ನಾ ರಾತ್ರಿ ಮನೆಯವರೆಲ್ಲ ಕೂಡಿ ಕುಳಿತು ಜಿಯಾವೋಜಿ ಎಂಬ ಕಡುಬನ್ನು ಮಡಿಸುತ್ತಾರೆ. ಪೋಲೆಂಡಿನವರಿಗೆ ಕ್ರಿಸ್ಮಸ್ಸಿನ ಹಿಂದಿನ ರಾತ್ರಿಯ ಊಟಕ್ಕೆ ಪಿಯರೋಗಿ ಬೇಕು.

ಅಷ್ಟು ದೂರವೇಕೆ? ನಾಗರಪಂಚಮಿಗೆ ನಮ್ಮ ಕರಾವಳಿಯವರು ಮಾಡುವ ಅರಶಿನ ಎಲೆಯ ಕಡುಬು ಕೊಂಕಣದ ಮರಾಠಿ ಮನೆಗಳಲ್ಲಿ ಪಾತೋಳಿಯೆನಿಸಿದೆ. ಚೌತಿಗೆ ನೆರೆಮನೆಯಿಂದ ಬರುವ ಮೋದಕದ ಒಳಗೂ ಅದೇ ಕಾಯಿಬೆಲ್ಲ. ಧಾರವಾಡದ ಕಡೆಯವರ ಹೂರಣಗಡುಬಿಗೆ ಗೋದಿಯ ಕಣಕ, ಕಡಲೆಬೇಳೆಯ ಹೂರಣ. ಇದೀಗ ಬೀದಿಬೀದಿಗೆ ಬಂದಿರುವ ಮೋಮೋ ಟಿಬೆಟ್ ನೇಪಾಳಗಳ ಕಡೆಯದು.

ಇವನ್ನೆಲ್ಲ ಮಾಡಲು ತಿಳಿಯಬೇಕಾದ ಭೇದ ಒಂದೇ. ಗೋದಿ, ಮೈದಾಗಳಲ್ಲಿ ಅಂಟು ಸ್ವಭಾವತಃ ಇದೆ; ತಣ್ಣೀರಿನಲ್ಲಿ ಕಲಸಿ ಅರ್ಧ ಗಂಟೆ ಮುಚ್ಚಿಟ್ಟರೆ ಕಣಕವು ತೆಳ್ಳಗೆ ಲಟ್ಟಿಸಲು ಒದಗುತ್ತದೆ. ಅಕ್ಕಿಯಲ್ಲಿ ಆ ಅಂಟಿಲ್ಲ. ಆದುದರಿಂದ ಮೋದಕಕ್ಕೆ ಒಂದು ಲೋಟ ನೀರನ್ನು ಉಪ್ಪು, ಒಂದು ಚಮಚ ತುಪ್ಪದೊಡನೆ ಕುದಿಸಿ, ಒಂದು ಲೋಟ ಅಕ್ಕಿಹಿಟ್ಟನ್ನು ಸುರಿದು ಮುಚ್ಚಿಟ್ಟು, ಬಿಸಿಯಿರುವಾಗಲೇ ಒದ್ದೆ ಕೈಯಿಂದ ನಾದಬೇಕು. ಬಿಸಿನೀರಿನಲ್ಲಿ ಬೆಂದ ಪಿಷ್ಟವೇ ಇಲ್ಲಿ ಅಂಟು. ಆರಿದ ಹಿಟ್ಟು ಬಿರಿಯುತ್ತದೆ. ಅರಶಿನ ಎಲೆಗಾದರೆ ನೆನೆಸಿದ ಅಕ್ಕಿಯನ್ನು ಗಟ್ಟಿಯಾಗಿ ರುಬ್ಬಿ, ಎಲೆಗೆ ಸವರಿ, ಹೂರಣವಿಟ್ಟು ಮಡಿಸಿದರೆ ಸಾಕು. ಮೋಮೋವಿನ ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಬಿಟ್ಟ ನೀರನ್ನು ಹಿಂಡದಿದ್ದರೆ ಕಣಕವು ಒಡೆಯುತ್ತದೆ. ಹಬೆಗೆ ಎಲ್ಲಕ್ಕೂ ಮನೆಯ ಇಡ್ಲಿಪಾತ್ರೆಯೇ ಆದೀತು.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಮೋಮೋ ಬೇಕೆಂದು ಕೇಳಿದರೆ ಗದರಿಸುವುದು ಬೇಡ. ಕೆಳಗಿನ ತಟ್ಟೆಯಲ್ಲಿ ಮೋಮೋ ಬೇಯಲಿ, ಮೇಲಿನ ತಟ್ಟೆಯಲ್ಲಿ ಅಜ್ಜಿಯ ಊರಿನ ಕಡುಬು ಬೇಯಲಿ. ಬರಿಯ ಬಾಯಿಮಾತಿನಿಂದ ಕಲಿತ ಊರಿನ ಹೆಸರನ್ನು ಮಕ್ಕಳು ಮರೆತಾರು. ತಾವೇ ಮಡಿಸಿ ತಿಂದ ಕಡುಬಿನ ಹೆಸರನ್ನು ಅಷ್ಟು ಬೇಗ ಮರೆಯಲಾರರು. ಹಬೆಯ ವಾಸನೆಯಿಂದಲೇ ಬೆಂದುದನ್ನು ಅರಿಯುವ ವಿದ್ಯೆ ನಮ್ಮ ಹೋಟೆಲ್ ಬಾಂಧವರಿಗೆ ಕೈವಶವಾಗಿದೆ. ಆ ವಿದ್ಯೆಯ ಮೊದಲ ಪಾಠವು ಈ ವಾರದ ರಜೆಯಂದು ಅವರ ಸ್ವಂತ ಮಕ್ಕಳಿಗೇ ಆಗಲಿ.